ಕಳೆ ಕೀಳದೆ ಬೆಟ್ಟ ಕಾಡಾಯಿತು

ಶಿರಸಿ ಕಡೆ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು, ದರಕು ತರುವ ಕಾಡುಜಾಗ) ಎಂಬುದು ಬ್ರಿಟಿಷರ ಕಾಲದ ಲೆಕ್ಕ. ನಮ್ಮ ಪಾಲಿನದು ನಾಲ್ಕು ಎಕರೆ. ಅದೂ ಹೆಸರಿಗೆ ಬೆಟ್ಟ. ಬೆಂಕಿಗೆ ಜಗ್ಗದ ಕೌಲು, ಮತ್ತಿ ಮರಗಳು ಅಲ್ಲೊಂದು ಇಲ್ಲೊಂದು ನಿಂತಿದ್ದವು, ಅಷ್ಟೇ.

2009ರಲ್ಲಿ ಹುರುಪಿನಿಂದ ಕಮ್ಯುನಿಸ್ಟ್ ಗಿಡ, ಲಂಟಾನದಂಥ ಕಳೆಯನ್ನೆಲ್ಲ ಬುಡಸಮೇತ ಕೀಳಿಸಿದೆ. ಆಳಿನ ಖರ್ಚೇ 15 ಸಾವಿರ ದಾಟಿತು. ನರ್ಸರಿಯಿಂದ 300 ಸಸಿ ತಂದು ನೆಟ್ಟೆ. ಮಾರ್ಚ್ ಬಿಸಿಲಿಗೆ ಅರ್ಧ ಒಣಗಿದವು, ಉಳಿದವನ್ನು ದನ ಮೇಯ್ದವು. ಬದುಕಿದ್ದು ಹನ್ನೊಂದೋ ಹನ್ನೆರಡೋ. ಮರುವರ್ಷ ಬೀಜದುಂಡೆ ಎಸೆದೆ. ಇಲಿ, ಇರುವೆಗೆ ಹಬ್ಬ ಆಯ್ತು.

ಹುತ್ತದ ಪಕ್ಕ ಹಾವಿನ ಹೆದರಿಕೆಗೆ ಆಳುಗಳು ಒಂದು ಲಂಟಾನ ಮೆಳೆ ಬಿಟ್ಟಿದ್ದರು. ಮೇ ತಿಂಗಳಲ್ಲಿ ಅದರ ಬುಡಕ್ಕೆ ಕೈ ಹಾಕಿದರೆ ಮಣ್ಣು ತಂಪು. ಎರಡು ನೇರಲೆ ಸಸಿ ಆಗಲೇ ಮೊಣಕಾಲೆತ್ತರ! ಅಲ್ಲಿಗೆ ಕೀಳುವುದು ನಿಲ್ಲಿಸಿದೆ.

ದನ ಬಾರದಂತೆ ಸುತ್ತ ಅಗಳ (ಕಂದಕ) ಹೊಡೆಸಿದೆ. ಜೆಸಿಬಿಗೆ 35–40 ಸಾವಿರ ಹೋಯಿತು. ಬೆಂಕಿ ಒಳಗೆ ಹರಡದಂತೆ ಪ್ರತಿ ಜನವರಿ ಬೆಂಕಿ ಗೆರೆ ಸವರಿಸಿದೆ. ಮತ್ತೇನೂ ನೆಡಲಿಲ್ಲ. "ದುಡ್ಡು ಕೊಟ್ಟು ಕಳೆ ಬೆಳೆಸ್ತೀಯಲ್ಲೋ ಮಾರಾಯ" ಎಂದು ಅಣ್ಣ ನಕ್ಕ.

ಮೂರನೇ ಮಳೆಗಾಲಕ್ಕೆ ಚಂದಕಲು ಮರ ಎದ್ದಿತು. ತೊಟ್ಟು ಎಲೆಯ ಒಳಗೇ ಕೂತ, ಛತ್ರಿಯಂಥ ಎಲೆ. ಹಣ್ಣಿಗೆ ಪಿಕಳಾರ ಹಕ್ಕಿ ಬಂದವು, ಹಿಕ್ಕೆ ಜೊತೆ ಬೀಜ ಉದುರಿಸಿದವು. ಹಕ್ಕಿ ಕೂರಲಿ ಅಂತ ಗಳ ನೆಟ್ಟಿದ್ದೆ. ಕಬ್ಬೆಕ್ಕಿನ ಹಿಕ್ಕೆಯಲ್ಲಿ ಸಿಕ್ಕ ಬೈನೆ ಮರದ ಬೀಜ ತೊಳೆದು ಹಿತ್ತಲಲ್ಲಿ ಹಾಕಿದ್ದೆ, ಸುಮ್ನೆ ಕುತೂಹಲಕ್ಕೆ. ಇಪ್ಪತ್ತರಲ್ಲಿ ಏಳೆಂಟು ಹುಟ್ಟಿದವು.

ಈಗ ನೆರಳು ಜಾಸ್ತಿಯಾಗಿ ಲಂಟಾನ ತಾನೇ ಸೊರಗಿದೆ. ಹಳೇ ಚಂದಕಲೂ ಒಣಗುತ್ತಿವೆ. ಅವುಗಳ ಅಡಿಯಲ್ಲಿ ಮುರುಗಲು, ಉಪ್ಪಾಗೆ ಸಸಿಗಳು ಮೇಲೇಳುತ್ತಿವೆ. ಲಾಭವೇ ಎಲ್ಲ ಅಂತಲ್ಲ. ಕರಡ ಹೋಯಿತು, ದನಕ್ಕೆ ಹುಲ್ಲು ಕೊಳ್ಳಬೇಕು. ಮಂಗಗಳ ಕಾಟ ಬೇರೆ. ಆದರೆ ಸೊಪ್ಪಿಗೆ, ದರಕಿಗೆ (ಒಣಗಿ ಉದುರಿದ ಎಲೆಗೆ) ನಾನು ಯಾರ ಬೆಟ್ಟಕ್ಕೂ ಹೋಗಿಲ್ಲ.

ಮೊನ್ನೆ ಅಣ್ಣ ಬಂದು ಅಗಳ ಹೊಡೆದ ಜೆಸಿಬಿಯವನ ನಂಬರ್ ಕೇಳಿದ.