ತಪ್ಪು ಉತ್ತರದ ಜೊತೆ ಕೂತು ಮಾಡಿದ ಅಭ್ಯಾಸ: ಐಇಎಲ್‌ಟಿಎಸ್ ಲಿಸನಿಂಗ್ ಮತ್ತು ರೀಡಿಂಗ್

ಐಇಎಲ್‌ಟಿಎಸ್ ಎಂದರೆ ಓದಲು, ಕೆಲಸಕ್ಕೆ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ. ಶಿರಸಿಯಲ್ಲೇ ಇದ್ದುಕೊಂಡು, ಯಾವ ಕೋಚಿಂಗಿಗೂ ಹೋಗದೆ ಅದರ ಲಿಸನಿಂಗ್ (ಕೇಳುವುದು), ರೀಡಿಂಗ್ (ಓದುವುದು) ಎಂಬ ಎರಡು ಭಾಗಗಳಿಗೆ ಹನ್ನೆರಡು ವಾರ ತಯಾರಿ ಮಾಡಿದೆ. ಮೊದಲ ಮೂರು ವಾರ ದಿನಕ್ಕೊಂದು ಮಾಕ್ ಟೆಸ್ಟ್ ಮುಗಿಸುವುದೇ ಅಭ್ಯಾಸ ಅಂದುಕೊಂಡಿದ್ದೆ. ಅಂಕ 40ಕ್ಕೆ 24ರಿಂದ 26ರ ನಡುವೆಯೇ ಓಲಾಡುತ್ತಿತ್ತು. ಟೆಸ್ಟ್ ಕಡಿಮೆ ಮಾಡಿ, ತಪ್ಪಾದ ಒಂದೊಂದೇ ಉತ್ತರ ಯಾಕೆ ತಪ್ಪಿತು ಎಂದು ನೋಡಲು ಶುರುಮಾಡಿದ ಮೇಲೆ ಅದು ಮೇಲಕ್ಕೆ ಹೋಯಿತು. ಆ ಕ್ರಮ ಇಲ್ಲಿದೆ.

ಮೊದಲು ಪರೀಕ್ಷೆಯ ಲೆಕ್ಕ. ಲಿಸನಿಂಗಿನಲ್ಲಿ ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ. ಧ್ವನಿ ಒಂದೇ ಸಲ ಕೇಳಿಸುತ್ತಾರೆ. ಕಾಗದದ ಪರೀಕ್ಷೆ ಇರುವ ಕಡೆ ಉತ್ತರ ನಕಲು ಮಾಡಲು ಕೊನೆಗೆ 10 ನಿಮಿಷ ಇರುತ್ತದೆ, ಕಂಪ್ಯೂಟರಿನಲ್ಲಿ ಬರೆಯುವವರಿಗೆ ಪರಿಶೀಲಿಸಲು 2 ನಿಮಿಷ ಮಾತ್ರ. ರೀಡಿಂಗಿನಲ್ಲಿ 60 ನಿಮಿಷ, 40 ಪ್ರಶ್ನೆ, ನಕಲಿಗೆ ಬೇರೆ ಸಮಯವಿಲ್ಲ. ಅಕಾಡೆಮಿಕ್ (ಉನ್ನತ ಓದಿಗೆ ಹೋಗುವವರ ಪರೀಕ್ಷೆ) ಆದರೆ ಮೂರು ದೊಡ್ಡ ಲೇಖನ, ಒಟ್ಟು 2,150ರಿಂದ 2,750 ಪದ. 40ಕ್ಕೆ 30 ಸರಿಯಾದರೆ ಲಿಸನಿಂಗಿನಲ್ಲೂ ಅಕಾಡೆಮಿಕ್ ರೀಡಿಂಗಿನಲ್ಲೂ ಹೆಚ್ಚುಕಡಿಮೆ ಬ್ಯಾಂಡ್ 7, ಅಂದರೆ ಒಂಬತ್ತರ ಅಳತೆಯಲ್ಲಿ ಏಳು. ಕೆಲಸಕ್ಕೆ, ವಲಸೆಗೆ ಹೋಗುವವರು ಬರೆಯುವ ಜನರಲ್ ಟ್ರೇನಿಂಗಿನ ರೀಡಿಂಗಿನಲ್ಲಿ ಅದೇ 7ಕ್ಕೆ ಸುಮಾರು 34 ಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಮನೆಯನ್ನೂ ಖಾಲಿ ಬಿಡಬಾರದು.

ಸಾಮಾನಿನ ಖರ್ಚು ದೊಡ್ಡದಲ್ಲ. ಕೇಂಬ್ರಿಜ್‌ನವರು ಪ್ರಕಟಿಸುವ ಅಭ್ಯಾಸ ಪರೀಕ್ಷೆಗಳ ಪುಸ್ತಕ, ಒಂದೊಂದರಲ್ಲಿ ನಾಲ್ಕು ಟೆಸ್ಟ್. ವೈರ್ ಇರುವ ಇಯರ್‌ಫೋನ್. 200 ಪುಟದ ಒಂದು ನೋಟ್‌ಬುಕ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ಅದಕ್ಕೆ ವಾರದ ಆಡಿಯೋ ಎಲ್ಲ ಭಾನುವಾರವೇ ಮೊಬೈಲಿಗೆ ಇಳಿಸಿಟ್ಟುಕೊಳ್ಳುತ್ತಿದ್ದೆ. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮಕ್ಕೆ ಬರಹರೂಪವೂ ಉಚಿತವಾಗಿ ಸಿಗುತ್ತದೆ. ಬರಹರೂಪ ಇಲ್ಲದ ಆಡಿಯೋ ಈ ಕೆಲಸಕ್ಕೆ ಉಪಯೋಗವಿಲ್ಲ, ಯಾಕೆಂದರೆ ಕೇಳಿದ್ದು ಸರಿಯೋ ತಪ್ಪೋ ಎಂದು ತಾಳೆ ನೋಡುವುದೇ ಇಲ್ಲಿ ಅರ್ಧ ಕೆಲಸ.

ನೋಟ್‌ಬುಕ್ಕಿನಲ್ಲಿ ಪ್ರತಿ ತಪ್ಪಿನ ಮುಂದೆ ಒಂದು ಗುರುತು ಹಾಕುತ್ತಿದ್ದೆ. ಪದ ಗೊತ್ತಿದ್ದೂ ಕಿವಿ ಹಿಡಿಯಲಿಲ್ಲ ಎಂದಾದರೆ ‘ಕಿ’. ಪದವೇ ಗೊತ್ತಿಲ್ಲದಿದ್ದರೆ ‘ಪ’. ಕೇಳಿತು, ಗೊತ್ತಿತ್ತು, ಆದರೆ ಆ ಹೊತ್ತಿಗೆ ಕಣ್ಣು ಬೇರೆ ಪ್ರಶ್ನೆಯ ಮೇಲಿತ್ತು ಎಂದಾದರೆ ‘ಗ’, ಅಂದರೆ ಗಮನ. ಸ್ಪೆಲಿಂಗ್ ಆದರೆ ‘ಸ್ಪೆ’. ಗುರುತು ಹಾಕದೆ ಬರೀ ಸರಿ ಉತ್ತರ ಬರೆದುಕೊಂಡರೆ ಏನೂ ತಿಳಿಯುವುದಿಲ್ಲ. ಹತ್ತು ದಿನದ ಗುರುತು ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು ‘ಕಿ’. ಶಬ್ದಕೋಶ ಬಾಯಿಪಾಠ ಮಾಡುವುದನ್ನು ಅವತ್ತೇ ನಿಲ್ಲಿಸಿ ಆ ಸಮಯವನ್ನು ಕಿವಿಗೆ ಕೊಟ್ಟೆ.

ಕಿವಿಗೆ ಕೊಟ್ಟ ಕೆಲಸ ಡಿಕ್ಟೇಶನ್. ದಿನಕ್ಕೆ 90 ಸೆಕೆಂಡಿನ ಆಡಿಯೋ, ಅದಕ್ಕಿಂತ ಹೆಚ್ಚಿಲ್ಲ. ಮೊದಲ ಸಲ ಏನೂ ಬರೆಯದೆ ಕೇಳುವುದು. ಎರಡನೆಯ ಸಲ ಒಂದೊಂದು ವಾಕ್ಯಕ್ಕೆ ನಿಲ್ಲಿಸಿ, ಕೇಳಿದ್ದನ್ನು ಕೇಳಿದ ಹಾಗೇ ಬರೆಯುವುದು. ಮೂರನೆಯ ಸಲ ಬಿಟ್ಟ ಜಾಗ ತುಂಬುವುದು. ಆಮೇಲೆ ಬರಹರೂಪ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದುವುದು. ಕೊನೆಗೆ ತಪ್ಪಿದ ವಾಕ್ಯಗಳನ್ನು ಮಾತ್ರ, ಬರಹ ನೋಡುತ್ತ, ಅದು ಹಾಗೆಯೇ ಕೇಳುವ ತನಕ ಮತ್ತೆ ಮತ್ತೆ ಕೇಳುವುದು. ಈ ಕೊನೆಯ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ, ಆದರೆ ಕಿವಿ ತಿದ್ದಿಕೊಳ್ಳುವುದು ಇಲ್ಲಿಯೇ. 90 ಸೆಕೆಂಡಿಗೆ ಆರಂಭದಲ್ಲಿ 40 ನಿಮಿಷ ಹಿಡಿಯುತ್ತಿತ್ತು, ಆರನೆಯ ವಾರಕ್ಕೆ 20 ನಿಮಿಷಕ್ಕೆ ಇಳಿಯಿತು.

ಒಂದು ವಾಕ್ಯ ನೋಡಿ: ‘ದ ಬೋಟ್ಸ್ ವುಡ್ ಹ್ಯಾವ್ ಬೀನ್ ರಿಪೇರ್ಡ್ ಬೈ ದ ಎಂಡ್ ಆಫ್ ಆಗಸ್ಟ್.’ ಮಾತಿನ ವೇಗದಲ್ಲಿ ಇದು ‘ವುಡವ್‌ಬಿನ್’, ‘ಎಂಡವಾಗಸ್ಟ್’ ಎಂದು ಒಂದಕ್ಕೊಂದು ಅಂಟಿಕೊಂಡು ಬರುತ್ತದೆ. ಮೊದಲ ಸಲ ಕಾಗದದ ಮೇಲೆ ಇಳಿದದ್ದು ‘ದ ಬೋಟ್ ವುಡ್ ಬಿ ರಿಪೇರ್’. ಬಹುವಚನದ ಎಸ್ ಹೋಯಿತು, ‘ಹ್ಯಾವ್ ಬೀನ್’ ಹೋಯಿತು, ಕೊನೆಯ ‘ಡ್’ ಹೋಯಿತು. ಮೂರೂ ‘ಕಿ’. ಕನ್ನಡದಲ್ಲಿ ಮಾತು ಬಹುಪಾಲು ಸ್ವರದಲ್ಲೇ ಮುಗಿಯುತ್ತದೆ, ಪ್ರತಿ ಅಕ್ಷರಕ್ಕೂ ತನ್ನ ತೂಕ ಇರುತ್ತದೆ. ಇಂಗ್ಲಿಷಿನವರು ಒತ್ತು ಇರುವ ಪದವನ್ನು ಮಾತ್ರ ಎತ್ತಿ ಹೇಳಿ ಉಳಿದದ್ದನ್ನು ನುಂಗುತ್ತಾರೆ. ನಮ್ಮ ಕಿವಿ ಪದದ ಕೊನೆಯ ವ್ಯಂಜನಕ್ಕೆ ಕಾಯುವ ಅಭ್ಯಾಸವನ್ನೇ ಮಾಡಿರುವುದಿಲ್ಲ. ಬೋಟ್ ಎಂದು ಬರೆದು ಉತ್ತರ ಬೋಟ್ಸ್ ಆಗಿದ್ದರೆ ಆ ಅಂಕ ಪೂರ್ತಿ ಹೋಯಿತು, ಅರ್ಧ ಅಂಕ ಎಂಬುದು ಇಲ್ಲ.

ಥರ್ಟೀನ್, ಥರ್ಟಿ ಇವುಗಳ ಗೊಂದಲಕ್ಕೆ ಕೊನೆಯ ‘ನ್’ ನಂಬಬೇಡಿ, ಒತ್ತು ನೋಡಿ. ‘ಟೀನ್’ ಮೇಲೆ ಒತ್ತು ಬಿದ್ದು ಎಳೆದರೆ ಹದಿಮೂರು, ‘ಥರ್’ ಮೇಲೆ ಬಿದ್ದು ಚಿಕ್ಕದಾಗಿ ಮುಗಿದರೆ ಮೂವತ್ತು. ಮೊದಲ ಭಾಗದಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಅಕ್ಷರ ಬಿಡಿಸಿ ಹೇಳುತ್ತಾರೆ. ಅಲ್ಲಿ ಸೊನ್ನೆಗೆ ‘ಓ’ ಎನ್ನುತ್ತಾರೆ, ಎರಡು ಸಲ ಬಂದರೆ ಡಬಲ್ ಎನ್ನುತ್ತಾರೆ. ಆಸ್ಟ್ರೇಲಿಯದವರು ‘ಎ’ ಎಂದರೆ ನಮಗೆ ‘ಐ’ ಎಂದೇ ಕೇಳುತ್ತದೆ, ‘ಡೇ’ ಎಂಬುದು ‘ಡೈ’ ಆಗುತ್ತದೆ. ‘ಜಿ’ ಮತ್ತು ‘ಜೆ’, ‘ಎಂ’ ಮತ್ತು ‘ಎನ್’ ಕೂಡ ಹೀಗೇ ಕೈಕೊಡುತ್ತವೆ. ಮನೆಯಲ್ಲಿ ಯಾರಾದರೂ ಇಂಗ್ಲಿಷ್ ಓದಬಲ್ಲವರಿದ್ದರೆ ಹತ್ತು ಹೆಸರು, ಹತ್ತು ನಂಬರು ವೇಗವಾಗಿ ಓದಿಸಿಕೊಂಡು ಬರೆಯಿರಿ. ಐದು ನಿಮಿಷದ ಕೆಲಸ. ಆದರೆ ಆಸ್ಟ್ರೇಲಿಯದ ಉಚ್ಚಾರ ಮನೆಯವರಿಂದ ಬರುವುದಿಲ್ಲ, ಅದಕ್ಕೆ ಅಲ್ಲಿಯ ಎಬಿಸಿ ರೇಡಿಯೊ ಕೇಳಲೇಬೇಕು.

ಮೊದಲು ಒಂದು ಉತ್ತರ ಹೇಳಿ ಆಮೇಲೆ ತಿದ್ದುವುದು ಈ ಪರೀಕ್ಷೆಯ ಕಾಯಂ ಗಾಳ. ‘ಹದಿನೈದಕ್ಕೆ ಬರುತ್ತೇನೆ, ಅಲ್ಲ, ಅವತ್ತು ರಜೆ, ಹದಿನಾರಕ್ಕೆ’ ಎನ್ನುವ ಧಾಟಿ. ‘ಆಕ್ಚುಅಲಿ’, ‘ಸಾರಿ’, ‘ಬಟ್’ ಕಿವಿಗೆ ಬಿದ್ದ ತಕ್ಷಣ ಬರೆದದ್ದನ್ನು ಅನುಮಾನಿಸಬೇಕು.

ನಕ್ಷೆಯ ಪ್ರಶ್ನೆ ಎರಡನೆಯ ಭಾಗದಲ್ಲಿ ಬರುವುದು ಹೆಚ್ಚು. ಇದಕ್ಕೆ ಪುಸ್ತಕಕ್ಕಿಂತ ಗೊತ್ತಿರುವ ಊರು ಒಳ್ಳೆಯದು. ಕಾರವಾರದ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ನಿಂತು ಉತ್ತರಕ್ಕೆ, ಕಾಳಿ ಸೇತುವೆಯ ಕಡೆಗೆ ಮುಖಮಾಡಿದರೆ ಸಮುದ್ರ ಎಡಕ್ಕೆ, ಪೇಟೆ ಬಲಕ್ಕೆ. ಟಾಗೋರ್ ಕಡಲತೀರ, ಅಲ್ಲಿಯ ಚಾಪಲ್ ಯುದ್ಧನೌಕೆ ಸಂಗ್ರಹಾಲಯ, ಸೇತುವೆ, ಆಚೆ ದಡದ ಸದಾಶಿವಗಡ, ಇಷ್ಟನ್ನು ಕಾಗದದ ಮೇಲೆ ಗುರುತಿಸಿ, ಒಂದರಿಂದ ಇನ್ನೊಂದಕ್ಕೆ ದಾರಿಯನ್ನು ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ‘ಜಸ್ಟ್ ಪಾಸ್ಟ್’ ಎಂದರೆ ದಾಟಿದ ಕೂಡಲೇ, ‘ಅಪೋಸಿಟ್’ ಎಂದರೆ ರಸ್ತೆಯ ಆಚೆ, ‘ಅಟ್ ದ ಫಾರ್ ಎಂಡ್’ ಎಂದರೆ ನಾವು ನಿಂತಲ್ಲಿಂದ ದೂರದ ತುದಿ. ಮಾರನೆಯ ದಿನ ಖಾಲಿ ನಕ್ಷೆ ಇಟ್ಟುಕೊಂಡು ಅದೇ ರೆಕಾರ್ಡಿಂಗ್ ಕೇಳಿ ಗುರುತಿಸಿದರೆ, ಎಡಬಲ ಎಲ್ಲಿ ತಿರುಗಾ ಮುರುಗಾ ಆಗುತ್ತದೆ ಎಂದು ಗೊತ್ತಾಗುತ್ತದೆ. ದಕ್ಷಿಣಕ್ಕೆ ತಿರುಗಿದಾಗಲೇ ಹೆಚ್ಚು.

ನಾಲ್ಕನೆಯ ಭಾಗ ಒಬ್ಬರದೇ ಉಪನ್ಯಾಸ, ನಡುವೆ ವಿರಾಮವಿಲ್ಲ. ಒಂದು ಉತ್ತರ ತಪ್ಪಿಸಿಕೊಂಡರೆ ಅದನ್ನು ಹುಡುಕುತ್ತ ಕೂತವರು ಇನ್ನೂ ಮೂರು ಕಳೆದುಕೊಳ್ಳುತ್ತಾರೆ. ಯಾವಾಗಲೂ ಎರಡು ಪ್ರಶ್ನೆ ಒಟ್ಟಿಗೆ ಕಣ್ಣಲ್ಲಿರಲಿ: ಈಗಿನದು ಮತ್ತು ಮುಂದಿನದು. ಮುಂದಿನದರ ಪದ ಕೇಳಿದರೆ ಈಗಿನದು ಹೋಯಿತೆಂದೇ ಅರ್ಥ, ಬಿಟ್ಟು ನಡೆಯಿರಿ. ‘ಮೂವಿಂಗ್ ಆನ್ ಟು’, ‘ಟರ್ನಿಂಗ್ ಟು’ ಎಂದಾಗ ವಿಷಯ ಬದಲಾಯಿತು.

ಸ್ಪೆಲಿಂಗಿಗೆ ಬ್ರಿಟಿಷ್, ಅಮೆರಿಕನ್ ಎರಡೂ ನಡೆಯುತ್ತವೆ, ತಪ್ಪು ಮಾತ್ರ ನಡೆಯುವುದಿಲ್ಲ. ಅಕಾಮಡೇಶನ್‌ಗೆ ಎರಡು ಸಿ, ಎರಡು ಎಂ. ಫೆಬ್ರವರಿಯಲ್ಲಿ ಮೊದಲ ಆರ್, ವೆನ್ಸ್‌ಡೇಯಲ್ಲಿ ಡಿ, ಗವರ್ನ್‌ಮೆಂಟಿನಲ್ಲಿ ಎನ್, ಇವು ಉಚ್ಚಾರದಲ್ಲಿ ಸರಿಯಾಗಿ ಕೇಳದೆ ಬಿಟ್ಟುಹೋಗುತ್ತವೆ. ಎರಡು ಪದಕ್ಕಿಂತ ಹೆಚ್ಚು ಬೇಡ ಎಂದಿದ್ದರೆ ಮೂರನೆಯ ಪದ ಬರೆದ ಕೂಡಲೇ ಸರಿ ಉತ್ತರವೂ ತಪ್ಪು.

ರೀಡಿಂಗಿಗೆ ಬಂದರೆ ತೊಂದರೆಯ ಮೂಲ ಬೇರೆ. ಕನ್ನಡದಲ್ಲಿ ವಿಶೇಷಣ ಎಲ್ಲ ನಾಮಪದದ ಮುಂಚೆ ಬರುತ್ತದೆ, ಕ್ರಿಯಾಪದ ಕೊನೆಗೆ: ‘ವಿದ್ಯುತ್ತಿಗಾಗಿ ನದಿಗೆ ಕಟ್ಟಿದ ಅಣೆಕಟ್ಟುಗಳು ಹರಿವನ್ನು ಬದಲಿಸಿದವು.’ ಇಂಗ್ಲಿಷಿನಲ್ಲಿ ಇದು ‘ದ ಡ್ಯಾಮ್ಸ್ ಬಿಲ್ಟ್ ಅಕ್ರಾಸ್ ದ ರಿವರ್ ಫಾರ್ ಪವರ್ ಚೇಂಜ್ಡ್ ದ ಫ್ಲೋ’. ಓದುವಾಗ ‘ಬಿಲ್ಟ್’ ಸಿಕ್ಕಿದ ಕೂಡಲೇ ಅದೇ ಕ್ರಿಯಾಪದ ಅಂದುಕೊಳ್ಳುತ್ತೇವೆ, ‘ಚೇಂಜ್ಡ್’ ಬಂದಾಗ ತಡವರಿಸಿ ಮತ್ತೆ ಮೊದಲಿಂದ ಓದುತ್ತೇವೆ. ಲೇಖನಕ್ಕೆ ಹತ್ತು ಕಡೆ ಹೀಗಾದರೆ ನಾಲ್ಕೈದು ನಿಮಿಷ ಹೋಯಿತು. ಇದಕ್ಕೆ ಮಾಡಿದ ಅಭ್ಯಾಸ: ಗ್ರಂಥಾಲಯದಲ್ಲಿ ಡೆಕ್ಕನ್ ಹೆರಾಲ್ಡ್ ಸಂಪಾದಕೀಯದ ದಿನಕ್ಕೆ ಐದು ಉದ್ದ ವಾಕ್ಯಗಳನ್ನು ಬರೆದುಕೊಂಡು, ಕರ್ತೃವಿಗೂ ಮುಖ್ಯ ಕ್ರಿಯಾಪದಕ್ಕೂ ಮಾತ್ರ ಅಡಿಗೆರೆ. ಉಳಿದದ್ದನ್ನು ಆವರಣದೊಳಗೆ ಹಾಕುವುದು. ಮೂರು ವಾರದ ಮೇಲೆ ಕಣ್ಣು ತಾನಾಗಿ ಮುಖ್ಯ ಕ್ರಿಯಾಪದ ಹುಡುಕತೊಡಗಿತು.

ಹೆಚ್ಚು ಅಂಕ ತಿನ್ನುವುದು ಟ್ರೂ, ಫಾಲ್ಸ್, ನಾಟ್ ಗಿವನ್: ಕೊಟ್ಟ ಹೇಳಿಕೆ ಲೇಖನದ ಪ್ರಕಾರ ಸರಿಯೋ, ತಪ್ಪೋ, ಅಥವಾ ಲೇಖನ ಅದನ್ನು ಹೇಳಿಯೇ ಇಲ್ಲವೋ ಎಂದು ಬರೆಯುವುದು. ನಮ್ಮ ಕಡೆಯವರಿಗೆ ಇದು ಯಾಕೆ ಕಷ್ಟ ಎಂಬುದಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮೇಲಿನ ಒಂದು ಲೇಖನವೇ ಸಾಕು. ಲೇಖನದಲ್ಲಿ ಇರುವುದು ಇಷ್ಟು: ಕಾಂಡ್ಲಾ ಬೇರುಗಳು ಹೂಳನ್ನು ಹಿಡಿದಿಡುತ್ತವೆ, ಹಲವು ಜಾತಿಯ ಮೀನಿನ ಮರಿಗಳು ಅಲ್ಲಿ ಬೆಳೆಯುತ್ತವೆ. ಪ್ರಶ್ನೆ: ‘ಕಾಂಡ್ಲಾ ಕಡಿದ ಕಡೆ ಮೀನುಗಾರರ ಆದಾಯ ಇಳಿದಿದೆ.’ ಕಾಳಿ ಅಳಿವೆ, ಅಘನಾಶಿನಿ ಅಳಿವೆ ನೋಡಿ ಬೆಳೆದವರ ಕೈ ಟ್ರೂ ಕಡೆಗೇ ಓಡುತ್ತದೆ, ಮೀನಿಲ್ಲದಿದ್ದರೆ ಆದಾಯ ಎಲ್ಲಿಂದ ಎಂದು. ಆದರೆ ಆದಾಯದ ಮಾತೇ ಲೇಖನದಲ್ಲಿಲ್ಲ, ಉತ್ತರ ನಾಟ್ ಗಿವನ್. ‘ಅಲ್ಲಿ ಒಂದೇ ಜಾತಿಯ ಮೀನಿನ ಮರಿ ಬೆಳೆಯುತ್ತದೆ’ ಎಂದಿದ್ದರೆ ಫಾಲ್ಸ್, ಯಾಕೆಂದರೆ ‘ಹಲವು ಜಾತಿ’ ಎಂಬ ಪದ ಅದನ್ನು ನೇರವಾಗಿ ಅಲ್ಲಗಳೆಯುತ್ತದೆ. ಫಾಲ್ಸ್ ಬರೆಯುವ ಮುಂಚೆ, ಇದು ಸುಳ್ಳೆಂದು ತೋರಿಸುವ ಪದದ ಮೇಲೆ ಬೆರಳು ಇಡಲಾಗುತ್ತದೆಯೇ ನೋಡಿ. ಬೆರಳಿಗೆ ಜಾಗ ಸಿಗದಿದ್ದರೆ ನಾಟ್ ಗಿವನ್. ಗೊತ್ತಿರುವ ವಿಷಯದ ಲೇಖನದಲ್ಲೇ ಹೆಚ್ಚು ಎಚ್ಚರ ಬೇಕು.

ಈ ಪ್ರಶ್ನೆಗಳ ಉತ್ತರ ಲೇಖನದ ಕ್ರಮದಲ್ಲೇ ಬರುತ್ತವೆ, ಹಾಗಾಗಿ ಮೂರನೆಯದು ಸಿಗದಿದ್ದರೆ ಎರಡನೆಯ ಮತ್ತು ನಾಲ್ಕನೆಯ ಉತ್ತರಗಳ ನಡುವೆ ಮಾತ್ರ ಹುಡುಕಿದರೆ ಸಾಕು. ಯಾವ ಮಾಹಿತಿ ಯಾವ ಪ್ಯಾರಾದಲ್ಲಿದೆ ಎನ್ನುವ ಪ್ರಶ್ನೆಗೆ ಈ ಕ್ರಮ ಇಲ್ಲ, ಅದನ್ನು ಆ ಲೇಖನದ ಕೊನೆಗೆ ಇಟ್ಟುಕೊಂಡೆ. ಅಷ್ಟರಲ್ಲಿ ಎಲ್ಲಿ ಏನಿದೆ ಎಂದು ಅರ್ಧ ತಿಳಿದಿರುತ್ತದೆ. ಪ್ಯಾರಾಗಳಿಗೆ ಶೀರ್ಷಿಕೆ ಹೊಂದಿಸುವುದಿದ್ದರೆ ಮಾತ್ರ ಅದನ್ನೇ ಮೊದಲು.

ಸಮಯವನ್ನು 17, 20, 23 ನಿಮಿಷ ಎಂದು ಹಂಚಿಕೊಂಡೆ. ಲೇಖನಗಳು ಹೋಗಹೋಗುತ್ತ ಕಠಿಣವಾಗುವುದರಿಂದ ಸಮ ಹಂಚಿಕೆ ಕೊನೆಗೆ ಸಾಲುವುದಿಲ್ಲ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಮೀರಿದರೆ ಊಹೆಯ ಉತ್ತರ ಹಾಕಿ ಮುಂದೆ.

ಎಂಟನೆಯ ವಾರದಿಂದ ವಾರಕ್ಕೆ ಎರಡೇ ಪೂರ್ತಿ ಟೆಸ್ಟ್, ಬುಧವಾರ ಮತ್ತು ಶನಿವಾರ, ನಿಲ್ಲಿಸದೆ. ಮರುದಿನ ಪೂರ್ತಿ ಆ ಟೆಸ್ಟಿನ ತಪ್ಪಿಗೆ. ಜುಲೈನಲ್ಲಿ ತಗಡಿನ ಚಾವಣಿಯ ಮೇಲೆ ಮಳೆ ಹೊಡೆಯುವಾಗಲೂ ಟೆಸ್ಟ್ ಮುಂದೂಡಲಿಲ್ಲ, ಇಯರ್‌ಫೋನಿನ ಸದ್ದನ್ನೂ ಹೆಚ್ಚಿಸಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಪಕ್ಕದವರ ಕೀಬೋರ್ಡಿನ ಟಪಟಪ ಇರುತ್ತದೆ, ಆ ಗದ್ದಲಕ್ಕೆ ಇದು ತಯಾರಿ. ಪರೀಕ್ಷೆಗೆ ಮೂರು ದಿನ ಇರುವಾಗ ಹೊಸ ಟೆಸ್ಟ್ ನಿಲ್ಲಿಸಿದೆ. ನೋಟ್‌ಬುಕ್ಕಿನ ‘ಕಿ’ ಗುರುತಿನ ವಾಕ್ಯಗಳನ್ನು ಮಾತ್ರ ಬೆಳಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಕೇಳಿದೆ. ಬ್ಯಾಗಿನಲ್ಲಿ ಮೊದಲು ಇಟ್ಟದ್ದು ಪಾಸ್‌ಪೋರ್ಟ್, ಗುರುತಿಗೆ ಮೂಲ ಪ್ರತಿಯೇ ಬೇಕು, ಜೆರಾಕ್ಸ್ ನಡೆಯುವುದಿಲ್ಲ.