ದೊಡ್ಡ ಎಸ್‌ಯುವಿಯ ಸ್ಟೀರಿಂಗ್ ಪ್ಲೇ: ನಾನು ಹುಡುಕಿ ಸರಿ ಮಾಡಿದ ರೀತಿ

ನನ್ನದು ಲ್ಯಾಡರ್ ಫ್ರೇಮ್ (ಏಣಿಯಂಥ ಉಕ್ಕಿನ ಚೌಕಟ್ಟು) ಮೇಲೆ ಕೂತಿರುವ ಭಾರದ ಗಾಡಿ. ಮುಂದಿನ ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿಯಾಗಿ ಕೆಳಗಿನ ಆರ್ಮ್ ಮೇಲೆ ನಿಂತಿವೆ. ಹಿಂದೆ ಒಂದೇ ಗಟ್ಟಿ ಆಕ್ಸಲ್. ತೊಂದರೆ ಮೂರು ಥರ ಕಾಣಿಸಿಕೊಂಡಿತು. ನೇರ ರಸ್ತೆಯಲ್ಲೂ ಸ್ಟೀರಿಂಗನ್ನು ಅತ್ತಿತ್ತ ತಿದ್ದುತ್ತಲೇ ಇರಬೇಕು. ಸಣ್ಣ ಉಬ್ಬು ದಾಟಿದರೂ ಮುಂದೆ ಎಡಗಡೆ ‘ಟಕ್’ ಅನ್ನುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ.

ಇಂಥ ಹೊತ್ತಲ್ಲಿ ಸಿಗುವ ಸಲಹೆ ಒಂದೇ: ಶಾಕ್ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ. ನನಗೆ ಇದು ಒಪ್ಪಿಗೆಯಿಲ್ಲ. ಜಾಯಿಂಟೇ ಅಲ್ಲಾಡುತ್ತಿದ್ದರೆ ಅಲೈನ್‌ಮೆಂಟ್ ಎಷ್ಟು ದಿನ ನಿಂತೀತು? ಪ್ಲೇ, ಅಂದರೆ ಜಾಯಿಂಟಿನ ಸಡಿಲ ಆಟ, ಎಲ್ಲಿದೆ ಅಂತ ಕೈಗೆ ಸಿಗುವವರೆಗೂ ನಾನು ಒಂದು ಪಾರ್ಟನ್ನೂ ತರಿಸಲಿಲ್ಲ.

ಟೈರ್ ಗಾಳಿ ಸರಿ ಇದೆಯಾ ಅಂತ ನೋಡಿಕೊಂಡು, ಗಾಡಿಯನ್ನು ಎತ್ತದೆ ನೆಲದ ಮೇಲೇ ಶುರು ಮಾಡಿದೆ. ಎತ್ತರದ ಗಾಡಿ, ಸುಲಭವಾಗಿ ಕೆಳಗೆ ನುಸುಳಬಹುದು. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ಲಾಕ್ ಮಾತ್ರ ತೆಗೆದಿಟ್ಟೆ. ಒಳಗೆ ಕೂತವರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸಬೇಕು. ಪೂರ್ತಿ ತಿರುಗಿಸಿದರೆ ಏನೂ ಗೊತ್ತಾಗಲ್ಲ. ನಾನು ಒಂದೊಂದೇ ಜಾಯಿಂಟ್ ಮೇಲೆ ಬೆರಳು ಅಡ್ಡ ಇಟ್ಟುಕೊಂಡು ಹೋದೆ, ಅರ್ಧ ಬೆರಳು ಚಕ್ರವನ್ನು ತಿರುಗಿಸುವ ಟೈ ರಾಡ್ ಮೇಲೆ, ಅರ್ಧ ಚಕ್ರವನ್ನು ಹೊತ್ತಿರುವ ನಕಲ್ ಮೇಲೆ. ಬಲಗಡೆ ಎರಡೂ ಒಟ್ಟಿಗೇ ಚಲಿಸಿದವು. ಎಡಗಡೆಯ ಟೈ ರಾಡ್ ಎಂಡ್‌ನಲ್ಲಿ (ರಾಡ್ ತುದಿಯ ಜಾಯಿಂಟ್) ರಾಡ್ ಮೊದಲು ಮೇಲೆದ್ದು ಆಮೇಲೆ ಚಕ್ರ ತಿರುಗಿತು. ಕಣ್ಣಿಗಿಂತ ಬೆರಳಿಗೆ ಇದು ಬೇಗ ತಿಳಿಯುತ್ತದೆ. ರಬ್ಬರ್ ಬೂಟ್ ಹರಿದು, ಒಳಗಿನ ಗ್ರೀಸ್ ಮಣ್ಣು ಸೇರಿ ಕಪ್ಪು ಪುಡಿಯಾಗಿತ್ತು.

‘ಟಕ್’ ಸದ್ದು ಬರುತ್ತಿದ್ದದ್ದು ಗಾಡಿ ವಾಲದಂತೆ ತಡೆಯುವ ಸರಳಿನ ಕೊಂಡಿಯಾದ ಸ್ಟೆಬಿಲೈಸರ್ ಲಿಂಕ್‌ನಿಂದ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೇ ಸಾಕಾಯಿತು.

ಆರ್ಮ್ ಮತ್ತು ನಕಲ್ ಸೇರುವ ಬಾಲ್ ಜಾಯಿಂಟ್ ನೋಡಲು ಮಾತ್ರ ಗಾಡಿ ಎತ್ತಲೇಬೇಕು. ನನ್ನ ಗಾಡಿಯಂತೆ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲಿದ್ದರೆ ಜಾಕ್ ಕೊಡಬೇಕಾದ್ದು ಆ ಆರ್ಮ್‌ನ ಹೊರತುದಿಗೆ. ಫ್ರೇಮಿಗೆ ಕೊಟ್ಟರೆ ಸ್ಪ್ರಿಂಗ್ ಒತ್ತಡ ಜಾಯಿಂಟನ್ನು ಬಿಗಿಯಾಗಿ ಹಿಡಿದುಕೊಂಡು ಪ್ಲೇ ಮುಚ್ಚಿಹೋಗುತ್ತದೆ. ಫ್ರೇಮ್ ಕೆಳಗೆ ಸ್ಟ್ಯಾಂಡ್ ಇಡದೆ ಕೈ ಹಾಕಲೇಬಾರದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಆಡಿಸಿದಾಗ ಪ್ಲೇ ಕಂಡರೆ ಯಾರಾದರೂ ಬ್ರೇಕ್ ಒತ್ತಿ ಹಿಡಿಯಲಿ. ಆಗ ಪ್ಲೇ ನಿಂತರೆ ವೀಲ್ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ ಅಥವಾ ಬುಷ್ (ಆರ್ಮ್ ಫ್ರೇಮಿಗೆ ಸೇರುವಲ್ಲಿರುವ ರಬ್ಬರ್). ನನ್ನ ಗಾಡಿಯಲ್ಲಿ ಬೇರಿಂಗ್, ಬಾಲ್ ಜಾಯಿಂಟ್ ಎರಡೂ ಗಟ್ಟಿ ಇದ್ದವು. ಆದರೆ ಎಡ ಕೆಳಗಿನ ಆರ್ಮ್‌ನ ಹಿಂದಿನ ಬುಷ್ ಪಕ್ಕ ಸಣ್ಣ ಹಾರೆ ಇಟ್ಟು ಮೀಟಿದಾಗ ರಬ್ಬರ್ ಬಾಯಿ ಬಿಟ್ಟಿತು. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ತಳ್ಳಲ್ಪಡುತ್ತದಲ್ವಾ? ಹರಿದ ಬುಷ್ ಜಾಗ ಬಿಟ್ಟುಕೊಟ್ಟರೆ ಆ ಚಕ್ರದ ದಿಕ್ಕೇ ಬದಲಾಗುತ್ತದೆ. ಎಡಕ್ಕೆ ಎಳೆಯುತ್ತಿದ್ದದ್ದು ಅದಕ್ಕೇ. ಶಾಕ್‌ಗಳಲ್ಲಿ ಎಣ್ಣೆ ಸೋರಿಕೆ ಇರಲಿಲ್ಲ, ಅವನ್ನು ಬದಲಿಸಲಿಲ್ಲ.

ಟೈ ರಾಡ್ ಎಂಡ್ ಬಿಚ್ಚುವಾಗ ಸ್ಟಡ್ (ನಟ್ಟು ಕೂರುವ ಮೊಳೆ) ಮೇಲೆ ಸುತ್ತಿಗೆ ಹೊಡೆಯಬೇಡಿ, ತುದಿ ಚಪ್ಪಟೆಯಾಗುತ್ತದೆ. ನಟ್ಟನ್ನು ಕೆಲವು ಸುತ್ತು ಸಡಿಲಿಸಿ ಹಾಗೇ ಬಿಟ್ಟು, ಸ್ಟಡ್ ಕೂತಿರುವ ನಕಲ್ ಕಣ್ಣಿನ ಪಕ್ಕಕ್ಕೆ ಗಟ್ಟಿಯಾಗಿ ಹೊಡೆಯಿರಿ. ಬಿಗಿತ ಬಿಟ್ಟು ಜಾಯಿಂಟ್ ತಾನೇ ಕೆಳಗೆ ಬೀಳುತ್ತದೆ. ಹಳೆಯದನ್ನು ರಾಡ್‌ನಿಂದ ಬಿಚ್ಚುವಾಗ ಸುತ್ತು ಎಣಿಸಿಕೊಂಡು ಹೊಸದನ್ನೂ ಅಷ್ಟೇ ಸುತ್ತು ಹಾಕಿದೆ. ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ಟನ್ನು ಮ್ಯಾನುಯಲ್‌ನಲ್ಲಿ ಹೇಳಿದಷ್ಟು ಬಿಗಿದ ಮೇಲೆ, ನಟ್ಟು ಸಡಿಲಾಗದಂತೆ ಹಾಕುವ ಸ್ಪ್ಲಿಟ್ ಪಿನ್ ತೂತು ಹೊಂದದಿದ್ದರೆ ಇನ್ನೂ ಸ್ವಲ್ಪ ಬಿಗಿಯಬೇಕು. ಹಿಂದಕ್ಕೆ ಮಾತ್ರ ತಿರುಗಿಸಬಾರದು.

ಬುಷ್‌ಗೆ ಆರ್ಮನ್ನೇ ಇಳಿಸಬೇಕಾಯಿತು. ಸ್ಪ್ರಿಂಗ್ ಮತ್ತು ಶಾಕ್ ಜೋಡಿಯನ್ನು ಹಾಗೇ ಹೊರತೆಗೆದೆ. ಅದರ ನಡುವಿನ ಮೇಲಿನ ನಟ್ಟನ್ನು ಮುಟ್ಟಲೇಬಾರದು, ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಹಳೆ ಬುಷ್‌ನ ಖಾಲಿ ಜಾಗಗಳು ಯಾವ ಕಡೆಗಿವೆ ಅಂತ ಆರ್ಮ್ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಹೊಸದನ್ನು ಅದೇ ದಿಕ್ಕಿಗೆ ಪ್ರೆಸ್‌ನಲ್ಲಿ ಕೂರಿಸಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಹೆಜ್ಜೆ. ಆರ್ಮ್ ಜೋತುಬಿದ್ದಿರುವಾಗ ಬುಷ್ ಬೋಲ್ಟನ್ನು ಪೂರ್ತಿ ಬಿಗಿಯಬಾರದು. ಒಳಗಿನ ಕಬ್ಬಿಣದ ಕೊಳವೆ ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ಕೂಡಲೇ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು, ಹಾಗೇ ಉಳಿದು, ಬೇಗ ಹರಿಯುತ್ತದೆ. ನಾನು ಬೋಲ್ಟನ್ನು ಕೈಬಿಗಿತದಲ್ಲಿ ಬಿಟ್ಟು, ಚಕ್ರ ಹಾಕಿ, ಗಾಡಿ ಇಳಿಸಿ, ಮುಂಭಾಗವನ್ನು ಕುಲುಕಿ, ಪೂರ್ತಿ ತೂಕ ಬಿದ್ದ ಮೇಲೆ ಟಾರ್ಕ್ ರೆಂಚ್ (ಬಿಗಿತ ಅಳೆದು ಬಿಗಿಯುವ ಪಾನಾ) ಹಿಡಿದೆ.

ಹಿಂದೆಯೂ ನೋಡಿ. ಆಕ್ಸಲನ್ನು ಅಡ್ಡಕ್ಕೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್ ಬುಷ್ ಸವೆದರೆ ಹಿಂಭಾಗ ಆಚೀಚೆ ಜಾರುತ್ತದೆ, ನಮಗೆ ಸ್ಟೀರಿಂಗೇ ಸರಿಯಿಲ್ಲ ಅನ್ನಿಸುತ್ತದೆ. ಒಬ್ಬರು ಬಾಡಿಯನ್ನು ಪಕ್ಕದಿಂದ ತಳ್ಳಿದಾಗ ನನ್ನ ಗಾಡಿಯಲ್ಲೂ ಬೋಲ್ಟ್ ಬುಷ್ ಒಳಗೆ ಸರಿದಾಡುತ್ತಿತ್ತು. ಅದನ್ನೂ ಬದಲಿಸಿ, ಗಾಡಿಯ ತೂಕ ಬಿದ್ದ ಮೇಲೇ ಬಿಗಿದೆ.

ಅಲೈನ್‌ಮೆಂಟ್ ಮಾಡಿಸಿದ್ದು ಇಷ್ಟೆಲ್ಲಾ ಆದಮೇಲೆ. ಕ್ಯಾಂಬರ್ (ಚಕ್ರ ಒಳಕ್ಕೆ-ಹೊರಕ್ಕೆ ವಾಲುವ ಕೋನ) ಮತ್ತು ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದೆ-ಮುಂದೆ ವಾಲುವ ಕೋನ) ಮೊದಲು, ಟೋ (ಚಕ್ರದ ಮುಂಭಾಗ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವುದು) ಕೊನೆಗೆ. ಸ್ಟೀರಿಂಗ್ ಆ್ಯಂಗಲ್ ಸೆನ್ಸರನ್ನು ಸ್ಕ್ಯಾನರ್ ಹಾಕಿ ಸೊನ್ನೆಗೆ ತರಿಸಿದೆ. ಈಗ ಜೋರಾಗಿ ಬ್ರೇಕ್ ಒತ್ತಿದರೂ ಗಾಡಿ ನೇರವಾಗೇ ನಿಲ್ಲುತ್ತದೆ. ಸ್ವಲ್ಪ ಓಡಿಸಿದ ಮೇಲೆ ಬಿಚ್ಚಿದ್ದ ಪ್ರತಿ ಬೋಲ್ಟಿಗೂ ಮತ್ತೆ ಟಾರ್ಕ್ ರೆಂಚ್ ಕೊಟ್ಟು ನೋಡಿದೆ, ಯಾವುದೂ ಸಡಿಲಾಗಿರಲಿಲ್ಲ.