ಕಾರ್ ಸ್ಟೀರಿಯೊ ಡೆಮೊ ಬೋರ್ಡ್: ಒಂದು ಸಲಕ್ಕೆ ಒಂದೇ ಬದಲಾವಣೆ

ಕುರ್ಲಾದ ಸಿಎಸ್‌ಟಿ ರಸ್ತೆ ಕಡೆ ಕಾರಿನ ಸಾಮಾನು ಕೊಳ್ಳಲು ಹೋದವರು ಗೋಡೆ ತುಂಬಾ ಸ್ಪೀಕರ್ ಹಚ್ಚಿದ ಬೋರ್ಡ್ ನೋಡಿರುತ್ತೀರಿ. ಬಟನ್ ಒತ್ತಿದರೆ ಒಂದು ಜೋಡಿ ನಿಂತು ಇನ್ನೊಂದು ಹಾಡುತ್ತದೆ. ಮುಂಬೈಯಲ್ಲಿ ಹೊಸದಾಗಿ ಅಂಗಡಿ ಹಾಕುವ ನಮ್ಮವರು ಇಂಥದ್ದನ್ನು ಮಾಡಿಸುವಾಗ ಮೊದಲು ಕೇಳುವುದು ಎಷ್ಟು ಸ್ಪೀಕರ್ ಹಿಡಿಸುತ್ತೆ ಅಂತ. ಅದು ಆಮೇಲಿನ ಮಾತು. ಸ್ಪೀಕರ್ ಬದಲಾಯಿಸಿದಾಗ ಸ್ಪೀಕರ್ ಒಂದೇ ಬದಲಾಗಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು. ಇಲ್ಲದಿದ್ದರೆ ಗಿರಾಕಿ ಏನನ್ನು ಹೋಲಿಸುತ್ತಿದ್ದಾನೆ ಅಂತ ಅವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಶುರುವಿಗೆ ಒಂದು ಸ್ಟೀರಿಯೊ, ಎರಡು ಆಂಪ್ (ಸದ್ದು ಜೋರು ಮಾಡುವ ಆಂಪ್ಲಿಫೈಯರ್), ನಾಲ್ಕು ಜೋಡಿ ಸ್ಪೀಕರ್, ಬಾಸ್‌ಗೆಂದೇ ಒಂದು ಸಬ್‌ವೂಫರ್ ಸಾಕು. ಕಾಗದದ ಮೇಲೆ ತಂತಿ ತಂತಿಯಾಗಿ ನಕ್ಷೆ ಬರೆಯಿರಿ.

ಮರಕ್ಕೆ 18 ಮಿಲಿಮೀಟರ್ ಪ್ಲೈವುಡ್ ತಗೊಳ್ಳಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಸ್ವರಕ್ಕೆ ಒಳ್ಳೆಯದೇ, ಆದರೆ ಇಲ್ಲಿನ ಮಳೆಗಾಲದ ತೇವಕ್ಕೆ ಅಂಚು ಉಬ್ಬುತ್ತದೆ. ಪ್ರತಿ ಆರೂವರೆ ಇಂಚಿನ ಸ್ಪೀಕರ್ ಹಿಂದೆ ಒಂದೇ ಅಳತೆಯ ಮುಚ್ಚಿದ ಡಬ್ಬ ಇರಲಿ. ಎಲ್ಲವನ್ನೂ ಒಂದೇ ಟೊಳ್ಳು ಪೆಟ್ಟಿಗೆಗೆ ಹಾಕಿದರೆ ಒಂದು ಹಾಡುವಾಗ ಪಕ್ಕದ್ದರ ಕೋನ್ ಸುಮ್ನೆ ಅಲ್ಲಾಡುತ್ತಿರುತ್ತದೆ.

ಕರೆಂಟಿಗೆ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಾರಿನ ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ. ಎಂಜಿನ್ ಓಡುವಾಗ ಕಾರಿನಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರುತ್ತದೆ, ಹಾಗಾಗಿ 13.8ಕ್ಕೆ ತಿರುಗಿಸಿ ಇಡಬಹುದಾದ್ದನ್ನೇ ಕೇಳಿ. ಚಾನೆಲ್‌ಗೆ 50 ವಾಟ್‌ನ ನಾಲ್ಕು ಚಾನೆಲ್ ಆಂಪ್, ದಕ್ಷತೆ 60 ಪರ್ಸೆಂಟ್ ಅಂದುಕೊಂಡರೆ, ಪೂರ್ತಿ ಜೋರಿನಲ್ಲಿ 24 ಆಂಪಿಯರ್ ಎಳೆಯುತ್ತದೆ. 30 ಆಂಪಿಯರ್‌ನ ಎಸ್‌ಎಂಪಿಎಸ್ ಹಾಕಿ, ಪ್ರತಿ ಆಂಪ್‌ಗೂ ಬೇರೆ ಫ್ಯೂಸ್ ಕೊಡಿ.

ಇನ್ನು ಸ್ವಿಚ್. ಬೋರ್ಡು ಹಾಳಾಗುವುದೇ ಹೆಚ್ಚಾಗಿ ಇಲ್ಲಿ. ಮನೆಯ ಲೈಟಿನ ರೂಢಿಯಲ್ಲಿ ಪ್ಲಸ್ ತಂತಿಗೆ ಮಾತ್ರ ಸ್ವಿಚ್ ಹಾಕಿ, ಮೈನಸ್‌ಗಳನ್ನೆಲ್ಲ ಸೇರಿಸಿ ಗಂಟು ಹಾಕುತ್ತಾರೆ. ಕಾರ್ ಸ್ಟೀರಿಯೊದಲ್ಲಿ ಸಾಮಾನ್ಯವಾಗಿ ಸ್ಪೀಕರಿನ ಮೈನಸ್ ಕೂಡ ಆಂಪ್ ಓಡಿಸುವ ತಂತಿಯೇ, ಅದು ಗ್ರೌಂಡ್ ಅಲ್ಲ. ಗಂಟು ಹಾಕಿದರೆ ಒಳಗಿನ ಐಸಿ (ಚಿಪ್) ಹೋಗಬಹುದು. ಆದ್ದರಿಂದ ಎರಡು ತಂತಿಯನ್ನೂ ಒಟ್ಟಿಗೆ ಬಿಡಿಸುವ ಎರಡು ಪೋಲ್‌ನ 12 ವೋಲ್ಟ್ ರಿಲೇ (ಕರೆಂಟ್ ಕೊಟ್ಟರೆ ತಾನೇ ಬದಲಾಗುವ ಸ್ವಿಚ್) ಬೇಕು: ಎಡಕ್ಕೊಂದು, ಬಲಕ್ಕೊಂದು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಾಕೆಟ್ ಸಮೇತ ಕೇಳಿ ತಗೊಳ್ಳಿ. ಎರಡು ಆಂಪ್‌ಗಳ ಔಟ್‌ಪುಟ್ ಯಾವತ್ತೂ ಒಂದಕ್ಕೊಂದು ತಾಗಬಾರದು. ಅದಕ್ಕೆ ಒಂದೇ ರಿಲೇಯ ಎರಡು ಬದಿಗೆ ಎರಡು ಆಂಪ್, ನಡುವಿನ ಕಾಮನ್‌ಗೆ ಸ್ಪೀಕರ್ ಕೊಡಿ. ಒಂದನ್ನು ಬಿಟ್ಟ ಮೇಲೇ ರಿಲೇ ಇನ್ನೊಂದನ್ನು ಹಿಡಿಯುತ್ತದೆ. ರಿಲೇಯ ಕಾಯಿಲ್‌ಗೆ (ಒಳಗಿನ ತಂತಿ ಸುರುಳಿಗೆ) ಅಡ್ಡಲಾಗಿ 1ಎನ್4007 ಡಯೋಡ್, ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಜೋಡಿಗಳನ್ನು ಆರಿಸಲು ತಿರುಗಿಸುವ ರೋಟರಿ ಸ್ವಿಚ್ ಇಟ್ಟರೆ ಎರಡು ಜೋಡಿ ಒಟ್ಟಿಗೆ ಹತ್ತಿಕೊಂಡು ಆಂಪ್‌ಗೆ ಭಾರ ಬೀಳುವ ಚಿಂತೆ ಇಲ್ಲ. ಸಾಲು ಸಾಲು ಬಟನ್ ಚೆಂದ ಕಾಣುತ್ತವೆ ನಿಜ, ಆದರೆ ಮಕ್ಕಳು ಬಂದು ಎಲ್ಲವನ್ನೂ ಒಟ್ಟಿಗೆ ಒತ್ತುತ್ತಾರೆ.

ಕೊನೆಗೆ ಜೋರು ಸರಿಹೊಂದಿಸಬೇಕು, ಅಂಗಡಿಯವರು ಬಿಟ್ಟುಬಿಡುವ ಕೆಲಸ ಇದು. ಅಷ್ಟೇ ವಾಟ್‌ಗೆ 87 ಡೆಸಿಬೆಲ್ ಸದ್ದು ಕೊಡುವ ಸ್ಪೀಕರ್ 92 ಕೊಡುವುದರಷ್ಟೇ ಜೋರಾಗಿ ಹಾಡಲು ಮೂರು ಪಟ್ಟಿಗಿಂತ ಜಾಸ್ತಿ ವಾಟ್ ಬೇಕು. ಕಿವಿಗೋ, ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸುತ್ತದೆ. ಪಿಂಕ್ ನಾಯ್ಸ್ (ಭೋರ್ಗರೆತದಂಥ ಪರೀಕ್ಷೆಯ ಸದ್ದು) ಹಚ್ಚಿ, ಗಿರಾಕಿ ನಿಲ್ಲುವ ಜಾಗದಲ್ಲಿ ಸದ್ದು ಅಳೆಯುವ ಮೊಬೈಲ್ ಮೀಟರ್ ಹಿಡಿದು, ಎಲ್ಲ ಜೋಡಿಯೂ ಒಂದೇ ಅಂಕಿ ತೋರಿಸುವ ಹಾಗೆ ನೋಡಿ. ಖರ್ಚು ಬೇಡ ಅಂದರೆ ಪ್ರತಿ ಜೋಡಿಗೆ ವಾಲ್ಯೂಮ್ ಎಷ್ಟಿರಬೇಕು ಅಂತ ಚೀಟಿ ಅಂಟಿಸಿ. ಚೊಕ್ಕ ಕೆಲಸ ಬೇಕಾದರೆ ಆಂಪ್‌ನ ಇನ್‌ಪುಟ್‌ನಲ್ಲಿ ಜೋಡಿಗೊಂದು ಸಣ್ಣ ಪ್ರೀಸೆಟ್ (ಒಮ್ಮೆ ತಿರುಗಿಸಿ ಹೊಂದಿಸಿಡುವ ವಾಲ್ಯೂಮ್) ಹಾಕಿ ಅದೇ ರೋಟರಿಯಿಂದ ಬದಲಾಗುವಂತೆ ಮಾಡಿ.

ಸಬ್‌ವೂಫರಿಗೆ ಬೇರೆ ಸ್ವಿಚ್ ಇರಲಿ, ಹೋಲಿಕೆ ಮಾಡುವಾಗ ಅದು ಆಫ್. ಇನ್ನೊಂದು, ಮುಚ್ಚಿದ ಕಾರಿನೊಳಗೆ ಬಾಸ್ ತುಂಬಿಕೊಳ್ಳುತ್ತದೆ, ಅಂಗಡಿಯಲ್ಲಿ ತೆಳ್ಳಗೆ ಕೇಳುತ್ತದೆ. ಗಿರಾಕಿ ಕೇಳುವ ಮುಂಚೆಯೇ ಇದನ್ನು ಹೇಳಿಬಿಡಿ.